ಡಾಕ್ಟರ ಕೈಗೆ ಬಗ್ಗದ ಬಿರಡೆ

ದಿನಕ್ಕೆ ನಾಲ್ಕಾರು ದವಡೆ ಹಲ್ಲುಗಳನ್ನು ಸಲೀಸಾಗಿ ಕೀಳುವ ಕೈ, ಆ ಶನಿವಾರ ಮಧ್ಯಾಹ್ನ ಒಂದು ಬಿರಡೆಯ ಮುಂದೆ ಸೋತು ಕೂತಿತ್ತು.

ಹಲ್ಲಿನ ಡಾಕ್ಟರ್ ತನ್ನ ಕ್ಲಿನಿಕ್ ಖಾಲಿ ಮಾಡುತ್ತಿದ್ದಳು. ಹಳೆಯ ಪೇಷೆಂಟ್ ಒಬ್ಬರು ಪ್ರೀತಿಯಿಂದ ವೈನ್ ಬಾಟಲಿ ಕೊಟ್ಟುಹೋಗಿದ್ದರು. ಓಪನರ್ ಕೊಟ್ಟಿರಲಿಲ್ಲ.

ಅವಳು ಗೋಡೆ ತಟ್ಟಿದಳು. "ರೀ, ಒಂದ್ನಿಮಿಷ ಬರ್ತೀರಾ?"

ಗೋಡೆಯಾಚೆ ಕನ್ನಡಕದಂಗಡಿ. ಅಂಗಡಿಯವನು ನಲವತ್ತರ ಬ್ರಹ್ಮಚಾರಿ. ಡಾಕ್ಟರ್ ತನ್ನ ಅಕ್ಕನ ಊರಿಗೆ ಹೊರಟುಹೋಗುತ್ತಾಳಂತೆ ಎಂದು ಝೆರಾಕ್ಸ್ ಅಂಗಡಿಯವರು ಹೇಳಿದಾಗಿನಿಂದ ಅವನಿಗೆ ಊಟ ಸೇರುತ್ತಿರಲಿಲ್ಲ. ಎದ್ದೂ ಬಿದ್ದೂ ಓಡಿಬಂದ.

ಇಲ್ಲದ ಹಲ್ಲುನೋವು ಹೇಳಿಕೊಂಡು ನಾಲ್ಕು ವರ್ಷಗಳಿಂದ ಅವಳ ಕುರ್ಚಿಯಲ್ಲಿ ಒರಗುತ್ತಿದ್ದವನು ಅವನು. ತೊಂದರೆಯೆಂದರೆ, ಅವಳು ಪ್ರಶ್ನೆ ಕೇಳುತ್ತಿದ್ದುದೇ ಬಾಯಿಗೆ ಹತ್ತಿ ತುರುಕಿದ ಮೇಲೆ.

"ಮನೇಲಿ ಯಾರ್ಯಾರಿದೀರಿ?"

"ಆಂ."

"ಮದುವೆ?"

"ಆಂ ಆಂ."

ಹೇಳಬೇಕಾದದ್ದು ಒಂದೂ ಹೊರಬಂದಿರಲಿಲ್ಲ.

ಈಗ ಅವನು ಬಾಟಲಿಯನ್ನು ತಿರುಗಿಸಿ ನೋಡಿದ. "ಬೂಟಿನೊಳಗಿಟ್ಟು ಗೋಡೆಗೆ ಬಡಿದ್ರೆ ಕಾರ್ಕ್ ತಾನೇ ಬರತ್ತಂತೆ, ಡಾಕ್ಟ್ರೇ."

ಬೂಟು ಬಿಚ್ಚಿದ. ಕಾಲುಚೀಲದ ತೂತಿನಿಂದ ಹೆಬ್ಬೆರಳು ಹೊರಗಿಣುಕಿತು. ಅವಳು ನೋಡಿದಳು. ಅವನು ಬೆರಳು ಮಡಚಿದ. ಅವಳು ಚಾವಣಿ ನೋಡುವವಳಂತೆ ನಟಿಸಿದಳು.

ಮೂರು ಸಲ ಬಡಿದ. ಗೋಡೆಯ ಗಾರೆ ಉದುರಿತು. ಆಚೆಕಡೆ ಏನೋ ಠಳ್ ಎಂದಿತು.

"ನಿಮ್ಮ ಅಂಗಡೀಲಿ ಏನೋ ಬಿತ್ತು!"

"ಬೀಳ್ಲಿ ಬಿಡಿ."

ಬಿರಡೆ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಕೊನೆಗೆ ಅವಳ ಕಣ್ಣು ಬಾಗಿಲಿನ ಬೋರ್ಡಿನ ಮೇಲೆ ಬಿತ್ತು. "ಅದರ ಸ್ಕ್ರೂ ಉದ್ದ ಇದೆ. ಹೇಗಿದ್ರೂ ಇಳಿಸೋದೇ ಅಲ್ವಾ?"

ಆ ಮಾತು ಅವನಿಗೆ ಚುಚ್ಚಿತು. ಒಂದೇ ಸ್ಕ್ರೂ ಬಿಚ್ಚಿದ. ಎರಡನೆಯದಕ್ಕೆ ಕೈ ಬರಲಿಲ್ಲ. ಬೋರ್ಡಿನ ಮೇಲಿನ ಅವಳ ಡಿಗ್ರಿಗಳೆಲ್ಲ ಸೊಟ್ಟಗೆ ಜೋತುಬಿದ್ದವು.

ಸ್ಕ್ರೂವನ್ನು ಬಿರಡೆಯೊಳಗೆ ತಿರುಗಿಸಿ ಇಳಿಸಿದ್ದಾಯಿತು. ಅವಳು ಪೆಟ್ಟಿಗೆಯಿಂದ ಹಲ್ಲು ಕೀಳುವ ಇಕ್ಕಳ ತೆಗೆದಳು. ಅವನು ಪೇಷೆಂಟ್ ಕುರ್ಚಿಯಲ್ಲಿ ಕೂತು ಬಾಟಲಿಯನ್ನು ಅಪ್ಪಿಕೊಂಡ.

"ಕತ್ತು ಗಟ್ಟಿಯಾಗಿ ಹಿಡ್ಕೊಳ್ಳಿ."

"ಯಾರ್ದು?"

"ಬಾಟಲಿದು!"

ಅವಳು ಬಾಗಿದಳು. ಇವತ್ತು ಮಾಸ್ಕ್ ಇರಲಿಲ್ಲ. ಅಷ್ಟು ಹತ್ತಿರದಿಂದ ಅವನು ಅವಳ ನಗು ಕಂಡದ್ದು ಇದೇ ಮೊದಲು.

"ಡಾಕ್ಟ್ರೇ, ನಿಮ್ಮ ಮುಂದಿನ ಹಲ್ಲೊಂದು ಸ್ವಲ್ಪ ಸೊಟ್ಟ ಇದೆ."

"ಶ್! ಪೇಷೆಂಟ್‌ಗಳಿಗೆ ಗೊತ್ತಾದ್ರೆ ಅಷ್ಟೇ ಕಥೆ."

"ಚೆನ್ನಾಗಿದೆ."

ಇಕ್ಕಳ ಒಂದು ಕ್ಷಣ ನಿಂತಿತು. ಅವಳ ಕಿವಿ ಕೆಂಪಾಯಿತು. "ಎಳೀಬಾರದು, ಮೆತ್ತಗೆ ಅಲ್ಲಾಡಿಸ್ಬೇಕು," ಎಂದು ಬಿರಡೆಗೇ ಪಾಠ ಹೇಳತೊಡಗಿದಳು.

ಅವನಿಗೆ ತಡೆಯಲಾಗಲಿಲ್ಲ. ಬಾಯಲ್ಲಿ ಹತ್ತಿಯೂ ಇರಲಿಲ್ಲ.

"ಹೋಗ್ಬೇಡಿ. ನಂಗೆ ಹಲ್ಲುನೋವೇ ಇಲ್ಲ. ಯಾವತ್ತೂ ಇರ್ಲಿಲ್ಲ. ನಿಮ್ಮನ್ನ ನೋಡೋಕೆ ಅಂತಾನೇ ಬರ್ತಿದ್ದೆ. ನೀವು ಹೋದ್ರೆ ನಾನು..."

ಪಟ್!

ಬಿರಡೆ ಕಿತ್ತುಬಂತು. ಕಾಲು ಬಾಟಲಿ ವೈನ್ ಅವನ ಬಿಳಿ ಅಂಗಿಯ ಮೇಲೆ.

ಅವಳು ಇಕ್ಕಳ ಹಿಡಿದೇ ನಿಂತಿದ್ದಳು. "ಹಲ್ಲುನೋವಿಲ್ಲ ಅಂತ ನಂಗೊತ್ತಿಲ್ವಾ? ಎಕ್ಸ್‌ರೇ ತೆಗೆದೋಳು ನಾನು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಬರ್ತಿದ್ರಾ?"

ಅವನು ಅಂಗಿಯ ತುದಿ ಹಿಂಡಿದ. ಅವಳು ಇಕ್ಕಳ ಕೆಳಗಿಟ್ಟಳು.

"ಅಂದಹಾಗೆ, ಎಲ್ಲಿಗೆ ಹೋಗ್ಬೇಡಿ ಅಂದ್ರಿ?"

"ಅಕ್ಕನ ಊರಿಗೆ."

"ಅಕ್ಕನೇ ಇಲ್ಲಿಗೆ ಬರ್ತಿರೋದು, ಹೊಸ ಕ್ಲಿನಿಕ್ ನೋಡೋಕೆ. ನಾನು ಹಿಂದಿನ ಬೀದಿಗೆ ಹೋಗ್ತಿದೀನಿ ರೀ. ಇಲ್ಲಿ ಪೈಪು ಸೋರತ್ತೆ."

"ಮೊದಲೇ ಹೇಳಬಾರದಿತ್ತಾ!"

"ನಿಮ್ಮ ಮುಖ ನೋಡಿದ್ರೆ ಏನೋ ಹೇಳೋ ಹಾಗಿತ್ತು. ಕಾಯೋಣ ಅಂದ್ಕೊಂಡೆ."

ಸಿಟ್ಟು ಮಾಡಬೇಕೋ ನಗಬೇಕೋ ತಿಳಿಯದೆ ಅವನು ಒದ್ದೆ ಅಂಗಿಯಲ್ಲೇ ಕೂತಿದ್ದ. ಅವಳು ಬಾಯಿ ಮುಕ್ಕಳಿಸುವ ಎರಡು ಪ್ಲಾಸ್ಟಿಕ್ ಲೋಟ ತಂದು ವೈನ್ ಸುರಿದಳು. ಬಿರಡೆಯ ಚೂರುಗಳು ಮೇಲೆ ತೇಲಿದವು.

"ನಾಳೆ ಅಕ್ಕ-ಭಾವ ಊಟಕ್ಕಿರ್ತಾರೆ. ನೀವೂ ಬನ್ನಿ."

"ನಾನು ಯಾರು ಅಂತ ಹೇಳ್ತೀರಿ?"

"ಅದನ್ನ ನೀವೇ ಹೇಳಿ. ನಾನು ಪಕ್ಕದಲ್ಲೇ ನಿಂತಿರ್ತೀನಿ."

ಅವನ ಕೈಯಲ್ಲಿದ್ದ ಲೋಟ ತುಳುಕಿತು.

"ಕೈ ನಡುಗ್ತಿದೆಯಲ್ರೀ."

"ಹಿಡ್ಕೊಳ್ಳಿ ಮತ್ತೆ."

ಅವಳು ಹಿಡಿದುಕೊಂಡಳು. ವೈನ್ ಮುಗಿದ ಮೇಲೂ ಬಿಡಲಿಲ್ಲ.