ಮೇಲಿನ ಖೋಲಿ ಖಾಲಿ ಇಲ್ಲ

ಕಾಂತೇಶ್ ಆ ಹುಡುಗಿಯನ್ನು ನಮ್ಮ ಮನೆಗೆ ಕರೆತಂದ ದಿನ ನಾನು ತಲೆಗೆ ಎಣ್ಣೆ ಸುರಿದುಕೊಂಡು ಅಂಗಳದಲ್ಲಿ ಕೂತಿದ್ದೆ. ಮೈಮೇಲೆ ಹಳೇ ನೈಟಿ, ಹೆಗಲ ಮೇಲೆ ಟವೆಲ್. ಮೂರು ವರ್ಷದಿಂದ ಅವನು ನಮ್ಮ ಮನೆಗೆ ಬರುತ್ತಿದ್ದದ್ದು ಭಾನುವಾರ ಮಾತ್ರ, ಅವ್ವನ ಕೈಯ ಜೋಳದ ರೊಟ್ಟಿ ತಿನ್ನಲು. ಪ್ರತಿ ಭಾನುವಾರ ನಾನು ಬೆಳಿಗ್ಗೆಯೇ ಕಾಡಿಗೆ ತೀಡಿಕೊಂಡು, ಏನೂ ತೀಡಿಕೊಳ್ಳದವಳಂತೆ ಓಡಾಡುತ್ತಿದ್ದೆ. ಅಂಥವನು ಹೇಳದೆ ಕೇಳದೆ ಬುಧವಾರ ಬಂದು ನಿಂತರೆ ಏನು ಮಾಡಬೇಕು ಹೇಳಿ.

"ಶೀತಲ್, ಮ್ಯಾಲಿನ ಖೋಲಿ ಇನ್ನೂ ಖಾಲಿ ಐತಲ್ರಿ?" ಎಂದ.

ಅವನ ಹಿಂದೆ ಬಾಗಿಲಿಗೆ ತಲೆ ತಾಗದಂತೆ ಬಗ್ಗಿ ಅವಳು ಒಳಗೆ ಬಂದಳು. ತಾಮ್ರದ ಬಣ್ಣದ ಕೂದಲು, ಖಾದಿ ಕುರ್ತಾ, ಬಿಸಿಲಿಗೆ ಸುಲಿದ ಮೂಗು. ಸುಲಿದ ಮೂಗೂ ಅವಳಿಗೆ ಒಪ್ಪುತ್ತಿತ್ತು. ನನಗೆ ಅಲ್ಲಿಂದಲೇ ಸಂಕಟ ಶುರುವಾಯಿತು.

"ನಮಸ್ಕಾರ. ಊಟ ಆಯ್ತಾ?" ಎಂದಳು, ಅಚ್ಚ ಕನ್ನಡದಲ್ಲಿ.

ಯಾರು ಕಲಿಸಿದ್ದು ಎಂದು ಬೇರೆ ಕೇಳಬೇಕೆ.

ಅವಳ ಹೆಸರು ಇಲ್ದಿಕೋ. ಊರು ಹಂಗೇರಿ. ಕಾಂತೇಶ್ ಪಿಎಚ್‌ಡಿ ಮಾಡುತ್ತಿದ್ದ ತತ್ತ್ವಶಾಸ್ತ್ರ ವಿಭಾಗಕ್ಕೇ ಎಂ.ಎ. ಓದಲು ಬಂದವಳು. ಹಾಸ್ಟೆಲ್‌ನಲ್ಲಿ ಜಾಗ ಸಿಕ್ಕಿರಲಿಲ್ಲ. ಅವ್ವ ನೀಲಗಂಗಮ್ಮ ಆ ಹೆಸರನ್ನು ಎರಡು ಸಲ ಹೇಳಲು ನೋಡಿ, ಮೂರನೆಯ ಸಲಕ್ಕೆ "ಇಂದಿರಾ" ಎಂದುಬಿಟ್ಟಳು. ಅವಳು ಅದಕ್ಕೂ ಓಗೊಟ್ಟಳು.

ಕಾಶಿಯ ಜಂಗಮವಾಡಿ ಮಠದ ಗಲ್ಲಿಯಲ್ಲಿ ನಮ್ಮದು ಎರಡಂತಸ್ತಿನ ಹಳೇ ಮನೆ. ಅಪ್ಪ ದಾನಯ್ಯ ಮಠದ ಕಚೇರಿಯಲ್ಲಿ ಕೆಲಸಕ್ಕಿದ್ದಾರೆ. ಮೇಲಿನ ಖೋಲಿಯಲ್ಲಿ ಮೊದಲಿನಿಂದಲೂ ಊರ ಕಡೆಯ ಮುದುಕಿಯರೇ ಇರುತ್ತಿದ್ದರು. ಕಾಶಿಯಲ್ಲೇ ಕಣ್ಣು ಮುಚ್ಚಬೇಕೆಂದು ಬರುವವರು. ಬಂದವರು ತಿರುಗಿ ಹೋಗುವುದಿಲ್ಲ. ಹೋದ ತಿಂಗಳು ಸುಂದರಮ್ಮಜ್ಜಿ ತೀರಿಕೊಂಡ ಮೇಲೆ ಖೋಲಿ ಖಾಲಿ ಬಿದ್ದಿತ್ತು.

"ಆರು ಮನಿ ನೋಡಿದ್ವಿ ಅಕ್ಕಾರ," ಎಂದು ಕಾಂತೇಶ್ ಅವ್ವನಿಗೆ ವಿವರಿಸಿದ. "ಒಂದ್ರಾಗ ಗ್ವಾಡಿ ಹಸಿ, ಒಂದ್ರಾಗ ನೀರಿಲ್ಲ. ಒಬ್ಬ ಮಾಲಕ ಸಂಜೀ ಎಂಟಕ್ಕ ಬಾಗ್ಲಾ ಹಾಕ್ತೀನಿ ಅಂತಾನ. ಇನ್ನ ಸಿ-ಫಾರ್ಮ್ ಅಂದ್ರ ಎಲ್ಲಾರೂ ಹೆದರ್ತಾರ."

ಪರದೇಶದವರು ಮನೆಯಲ್ಲಿ ಇಳಿದರೆ ಇಪ್ಪತ್ನಾಲ್ಕು ಗಂಟೆಯೊಳಗೆ ಮಾಲಕರು ಆನ್‌ಲೈನ್‌ನಲ್ಲಿ ಆ ಫಾರ್ಮ್ ತುಂಬಬೇಕು. ಅದಲ್ಲದೆ ಅವಳು ದೇಶಕ್ಕೆ ಬಂದ ಹದಿನಾಲ್ಕು ದಿನದೊಳಗೆ ನೋಂದಣಿ ಆಗಬೇಕು. ಅದಕ್ಕೆ ಬಾಡಿಗೆ ಕರಾರು ಬೇಕು. ಆಗಲೇ ಏಳು ದಿನ ಕಂಟೋನ್ಮೆಂಟ್‌ನ ಗೆಸ್ಟ್ ಹೌಸಿನಲ್ಲಿ ಕಳೆದಿದ್ದವು.

"ನಮ್ಮ ಶೀತಲ್ ತುಂಬ್ತಾಳ ಬಿಡು ಫಾರ್ಮಾ," ಎಂದಳು ಅವ್ವ. "ದವಾಖಾನಿಯೊಳಗ ದಿನಾ ಕಂಪ್ಯೂಟರ್ ಮುಂದನ ಕೂಡ್ತಾಳ." ಸೋನಾರ್‌ಪುರದ ಹಲ್ಲಿನ ಕ್ಲಿನಿಕ್‌ನಲ್ಲಿ ನನ್ನದು ರಿಸೆಪ್ಷನ್ ಕೆಲಸ.

ಹೀಗೆ ನನ್ನನ್ನು ಒಂದು ಮಾತು ಕೇಳದೆ ಅವಳನ್ನು ನನ್ನ ತಲೆಯ ಮೇಲೆ ಕೂರಿಸುವುದೆಂದು ತೀರ್ಮಾನವಾಯಿತು. ಕಾಂತೇಶ್ ಮುಂದಿನ ತಿಂಗಳು ಥೀಸಿಸ್ ಒಪ್ಪಿಸಿ ತನ್ನೂರು ಬಾಗಲಕೋಟೆಗೆ ಹೊರಡುವವನು. ಅಷ್ಟರೊಳಗೆ ಅವನು ಒಂದು ಮಾತು ಆಡಿದರೆ ಉಂಟು, ಇಲ್ಲದಿದ್ದರೆ ನನ್ನ ಮೂರು ವರ್ಷದ ಆಸೆ ಅಲ್ಲಿಗೇ ಮುಗಿಯಿತು. ಆ ಒಂದು ತಿಂಗಳಿಗೆ ಈಗ ಇವಳು ಪಾಲುದಾರಳು.

ಶುಕ್ರವಾರ ಖೋಲಿಗೆ ಸಾಮಾನು ತರಲು ಮೂವರೂ ಸೋನಾರ್‌ಪುರಕ್ಕೆ ಹೋದೆವು. ಅಂಗಡಿಯಿಂದ ಅಂಗಡಿಗೆ ಬ್ಯಾಟರಿ ಟೋಟೋ ರಿಕ್ಷಾದಲ್ಲಿ ಅವರಿಬ್ಬರೂ ಒಂದು ಸೀಟು. ಎದುರು ಸೀಟಿನಲ್ಲಿ ನಾನು, ತೊಡೆಯ ಮೇಲೆ ಬಕೆಟ್ಟು. ಬಕೆಟ್ಟಿನೊಳಗೆ ಮಗ್ಗು, ಪೊರಕೆ, ಅವಳ ಇಂಡಕ್ಷನ್ ಒಲೆ. ಗುಂಡಿ ಬಂದಾಗಲೆಲ್ಲ ಅವಳು ಅವನ ತೋಳು ಹಿಡಿಯುತ್ತಿದ್ದಳು. ಕಾಶಿಯ ರಸ್ತೆಯಲ್ಲಿ ಗುಂಡಿಗೇನು ಬರವೇ? ನಾನು ಬೇಡವೆಂದರೂ ಎಣಿಸುತ್ತಿದ್ದೆ. ಹನ್ನೊಂದು ಸಲ.

"ಕಾಂತೇಶ್, ನೀನು ಇಲ್ಲಿ ಕೂತ್ಕೋ. ನೀನು ನೀರು ಕುಡಿ," ಎನ್ನುತ್ತಿದ್ದಳು, ಕಲಿತ ನಾಲ್ಕು ಕನ್ನಡ ಮಾತುಗಳಲ್ಲಿ. ನೀನು! ನಾನು ಮೂರು ವರ್ಷದಿಂದ ನೀವು, ಬರ್ರಿ, ಹೋಗ್ರಿ ಎಂದು ಬಾಯಿ ಸವೆಸಿಕೊಂಡವಳು.

ಗಾದಿ ಅಂಗಡಿಯವನು ಕಾಂತೇಶ್‌ನ ಮುಂದೆ ಪರದೆ ಬಟ್ಟೆ ಹರವಿ, ಇಲ್ದಿಕೋ ಕಡೆ ಕೈ ತೋರಿಸಿದ. "ಲೇ ಲೀಜಿಯೇ ಭೈಯಾ, ಭಾಭೀಜಿ ಕೋ ಪಸಂದ್ ಆಯೇಗಾ."

ಭಾಭೀಜಿ ಅಂತೆ, ಅವಳೇ ಅವನ ಹೆಂಡತಿ ಎಂಬಂತೆ. ಕಾಂತೇಶ್ ಅಲ್ಲವೆನ್ನುತ್ತಾನೆಂದು ಕಾದೆ. ಅವನು ನಕ್ಕ. ನಕ್ಕು, ಎರಡು ಬಟ್ಟೆಗಳನ್ನು ಎತ್ತಿ ಹಿಡಿದು ನನ್ನ ಕಡೆ ತಿರುಗಿದ. "ಹಸರೋ ಹಳದಿಯೋ, ಹೇಳ್ರಿ ಶೀತಲ್." ಕಣ್ಣು ಬಟ್ಟೆಯ ಮೇಲಿರಲಿಲ್ಲ, ನನ್ನ ಮುಖದ ಮೇಲಿತ್ತು. ಹುಬ್ಬು ಸ್ವಲ್ಪ ಮೇಲೆ, ತುಟಿಯ ಒಂದು ತುದಿ ಮಾತ್ರ ನಗುತ್ತಿತ್ತು. ಬೇರೆ ದಿನವಾಗಿದ್ದರೆ ಆ ನೋಟಕ್ಕೆ ನಾನು ವಾರವಿಡೀ ನಿದ್ದೆ ಬಿಡುತ್ತಿದ್ದೆ.

"ಮಲಗಾಕಿ ಆಕಿ. ಆಕೀನ್ನ ಕೇಳ್ರಿ," ಎಂದೆ.

"ಯಾಕ, ಬಿಸಲು ಹತ್ತಿತೇನ?"

"ನನಗೇನೂ ಹತ್ತಿಲ್ಲ."

ಮನೆಗೆ ಬಂದ ಮೇಲೆ ಅವನು ಕೋತಿ ಬರದಂತೆ ಕಿಟಕಿಗೆ ಹಾಕುವ ಜಾಲರಿ ತರಲು ಮತ್ತೆ ಹೋದ. ಮೇಲಿನ ಖೋಲಿಯಲ್ಲಿ ನಾನು, ಅವಳು ಇಬ್ಬರೇ. ಅವಳು ಗೋಡೆಯ ಗೂಡನ್ನು ಒರೆಸುತ್ತ ಹಿಂದಿಯಲ್ಲಿ, "ಕಾಂತೇಶ್ ಎಷ್ಟು ಒಳ್ಳೆಯವನು ಅಲ್ಲವಾ?" ಎಂದಳು.

ನನಗೆ ಎಲ್ಲಿತ್ತೋ ಕೋಪ. "ಈ ಖೋಲಿಯಲ್ಲಿ ಹೋದ ತಿಂಗಳು ಒಬ್ಬರು ಸತ್ತಿದ್ದಾರೆ. ನೀನು ನಿಂತ ಜಾಗದಲ್ಲೇ," ಎಂದೆ.

ಹೆದರಿ ಓಡುತ್ತಾಳೆಂದುಕೊಂಡಿದ್ದೆ. ಅವಳು ಬಟ್ಟೆ ಕೆಳಗಿಟ್ಟು, "ಅವರ ಹೆಸರೇನು?" ಎಂದು ಕೇಳಿದಳು. ಹೇಳಿದೆ. ಚಪ್ಪಲಿ ಕಳಚಿ ಹೊರಗಿಟ್ಟು ಬಂದಳು.

ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. "ಅವರ ಹಾಗೇ ಇನ್ನೊಬ್ಬ ಅಜ್ಜಿ ಊರಿನಿಂದ ಬರುತ್ತಿದ್ದಾರೆ. ನಿನ್ನೆಯೇ ಫೋನ್ ಬಂತು. ಕೊನೆಗಾಲಕ್ಕೆ ಕಾಶಿಗೆ ಬರುವವರಿಗೆ ಜಾಗ ಇಲ್ಲ ಎನ್ನಲು ಆಗುತ್ತದೆಯೇ? ನಿನಗೆ ಹೇಳಲು ಅವ್ವನಿಗೆ ಮುಜುಗರ," ಎಂದೆ. "ನಾನು ಹೇಳಿದೆನೆಂದು ಯಾರಿಗೂ ಹೇಳಬೇಡ."

ಅವಳು ಒಂದು ಕ್ಷಣವೂ ಅನುಮಾನಿಸಲಿಲ್ಲ. "ಹಾಗಾದರೆ ಇದು ಅವರದೇ ಖೋಲಿ," ಎಂದು ನನ್ನ ಕೈ ಹಿಡಿದಳು. ಆ ಕೈ ಬಿಡಿಸಿಕೊಳ್ಳುವುದರೊಳಗೆ ನನಗೆ ಸಾಕುಸಾಕಾಯಿತು.

ಶನಿವಾರ ಬೆಳಿಗ್ಗೆ ಕಾಂತೇಶ್ ಒಬ್ಬನೇ ಬಂದ, ಮುಖ ಸಪ್ಪಗೆ ಮಾಡಿಕೊಂಡು. "ಆಕಿಗೆ ಮೆಟ್ಟಲಾ ಹತ್ತೂದು ಆಗಂಗಿಲ್ಲಂತ ಅಕ್ಕಾರ. ಸುಣ್ಣಾ ಹಚ್ಚಿಸಿ, ಗಾದಿ ತಂದು, ನಿಮಗ ಸುಮ್ನ ತ್ರಾಸ ಕೊಟ್ಟೆ. ಹೊಟ್ಟಿಗೆ ಹಾಕ್ಕೋರಿ," ಎಂದು ಅವ್ವನ ಮುಂದೆ ಕೈ ಮುಗಿದ. ಗೆಸ್ಟ್ ಹೌಸಿನಲ್ಲಿ ಮೂರು ಮಹಡಿ ಹತ್ತುವವಳು ಅವಳು. ಕೊಟ್ಟ ಮಾತು ಉಳಿಸಲು ಅಷ್ಟು ಕೆಟ್ಟ ಸುಳ್ಳು ಹೇಳಿ ತಾನೇ ಬೈಸಿಕೊಂಡಿದ್ದಳು. ನಾನು ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ.

ಭಾನುವಾರ ಅವನು ರೊಟ್ಟಿಗೆ ಬರಲಿಲ್ಲ. ಮೂರು ವರ್ಷದಲ್ಲಿ ಮೊದಲ ಸಲ.

"ಆ ಹುಡುಗೀನ್ನ ಕರಕೊಂಡು ಊರೆಲ್ಲಾ ಖೋಲಿ ಹುಡಕಾಕ ಹತ್ಯಾನಂತ," ಎಂದಳು ಅವ್ವ. "ಬುಧವಾರದೊಳಗ ಸಿಗದಿದ್ರ ಆಕಿ ಕಾಗದಪತ್ರಕ್ಕ ತೊಂದ್ರಿ ಆಕ್ಕೈತಂತ. ಪಾಪ, ಮುಂಜಾನಿಂದ ಸಂಜೀತನ ಇಬ್ರೂ ಕೂಡೇ ತಿರಗ್ತಾರ."

ನಾನೇ ಕೈಯಾರೆ ಅವರನ್ನು ಜೋಡಿ ಮಾಡಿ ಕಳಿಸಿದಂತಾಗಿತ್ತು. ಹೊಟ್ಟೆ ಒಂದು ಕಡೆ ಉರಿಯಿತು. ಮಾಡಿದ ತಪ್ಪು ಇನ್ನೊಂದು ಕಡೆ ಚುಚ್ಚಿತು. ಸತ್ತ ಅಜ್ಜಿಯ ಹೆಸರು ಕೇಳಿ ಚಪ್ಪಲಿ ಬಿಟ್ಟವಳು ನನ್ನಿಂದಾಗಿ ಬೀದಿ ಸುತ್ತುತ್ತಿದ್ದಳು. ಸೋಮವಾರ ಕ್ಲಿನಿಕ್‌ಗೆ ರಜೆ ಹೇಳಿ ಆಟೋ ಹತ್ತಿ ಕಂಟೋನ್ಮೆಂಟ್‌ಗೆ ಹೋದೆ.

ಗೆಸ್ಟ್ ಹೌಸಿನ ಎದುರಿಗೆ ಚಹಾ ಅಂಗಡಿಯ ಬೆಂಚಿನ ಮೇಲೆ ಇಬ್ಬರೂ ಕೂತಿದ್ದರು. ಅವನ ಕೈಯಲ್ಲಿ ಫೋನ್ ನಂಬರುಗಳ ಪಟ್ಟಿ. ಅವಳು ಅವನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದಳು. ತಿರುಗಿ ಹೋಗಿಬಿಡೋಣ ಅನ್ನಿಸಿತು. ಹೋಗಲಿಲ್ಲ. ಎದುರಿಗೆ ನಿಂತು ಹಿಂದಿಯಲ್ಲಿ ಹೇಳಿದೆ. "ಇಲ್ದಿಕೋ, ಯಾವ ಅಜ್ಜಿಯೂ ಬರುತ್ತಿಲ್ಲ. ನಾನು ಸುಳ್ಳು ಹೇಳಿದೆ. ಖೋಲಿ ಖಾಲಿಯಾಗಿದೆ. ಇವತ್ತೇ ಬಾ, ಫಾರ್ಮ್ ನಾನೇ ತುಂಬುತ್ತೇನೆ."

ಅವಳು ಗ್ಲಾಸು ಕೆಳಗಿಟ್ಟಳು. ಕಾಂತೇಶ್ ಎದ್ದು ನಿಂತ.

"ನೀವಾ? ಯಾಕ ಶೀತಲ್?"

"ಹೊಟ್ಟಿಕಿಚ್ಚಿಗೆ," ಎಂದೆ. ಬಾಯಿಂದ ಬಂದ ಮೇಲೆ ಉಳಿದದ್ದೂ ಬಂತು. "ಆಕಿ ನಿಮ್ಮ ತೋಳು ಹಿಡದ್ರ ನನಗ ಸಹಿಸಾಕ ಆಗಲಿಲ್ಲ. ಭಾಭೀಜಿ ಅಂದ್ರ ನೀವು ನಕ್ಕರ ಆಗಲಿಲ್ಲ. ಮುಂದಿನ ತಿಂಗಳಾ ನೀವು ಹೋಗ್ತೀರಿ, ಏನೂ ಹೇಳದನ ಹೋಗ್ತೀರಿ. ನನಗ ನೀವು ಬೇಕ್ರಿ. ಅದಕ್ಕ ಹಿಂಗ ಮಾಡಿದೆ. ಬೈಯೂದಿದ್ರ ಬೈದುಬಿಡ್ರಿ."

ಅವನು ಬೈಯಲಿಲ್ಲ. ಪಟ್ಟಿಯನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಕಿವಿ ಎರಡೂ ಕೆಂಪಾಗಿದ್ದವು.

"ನಾನೂ ಸುಳ್ಳ ಹೇಳೀನಿ," ಎಂದ ಕೊನೆಗೆ. "ಆರು ಮನಿ ನೋಡಿದ್ವಿ ಅಂದೆನಲ್ಲ, ಮೂರು ಛಲೋನ ಇದ್ವು. ಗ್ವಾಡಿ ಹಸಿ ಇರಲಿಲ್ಲ, ನೀರೂ ಬರ್ತಿತ್ತು. ಆಕಿಗೆ ಬ್ಯಾಡ ಬ್ಯಾಡ ಅಂತ ನಾನ ಹೇಳಿ ನಿಮ್ಮನೀಗೆ ಕರಕೊಂಡು ಬಂದೆ."

"ಯಾಕ?"

"ಇನ್ನ ಒಂದ ತಿಂಗಳಂದ್ರ ನಾಕ ಭಾನುವಾರ. ಮೂರು ವರ್ಷದಾಗ ಆಡದ ಮಾತು ನಾಕ ದಿನದಾಗ ಹೆಂಗ ಆಡ್ಲಿ? ಆಕಿ ನಿಮ್ಮ ಮ್ಯಾಲಿನ ಖೋಲ್ಯಾಗ ಇದ್ರ ದಿನಾ ಬರಬಹುದು ಅಂತ ಲೆಕ್ಕಾ ಹಾಕಿದೆ. ದಿನಾ ನಿಮ್ಮನ್ನ ನೋಡಿದ್ರ ಒಂದಲ್ಲಾ ಒಂದಿನ ಧೈರ್ಯ ಬರ್ತಿತ್ತು."

ನನಗೆ ನಗುವೂ ಬಂತು, ಅಳುವೂ ಬಂತು. ಯಾವುದನ್ನು ಮೊದಲು ಮಾಡುವುದೆಂದು ತಿಳಿಯದೆ ಬೆಂಚಿನ ಮೇಲೆ ಕೂತುಬಿಟ್ಟೆ.

"ನನಗೂ ಹೇಳಿ," ಎಂದಳು ಇಲ್ದಿಕೋ. ಅವನು ತಲೆ ತಗ್ಗಿಸಿ ಎಲ್ಲವನ್ನೂ ಹಿಂದಿಯಲ್ಲಿ ಒಪ್ಪಿಸಿದ. ಅವಳು ಪೂರ್ತಿ ಕೇಳಿಸಿಕೊಂಡಳು.

"ಶಿವಾಲಾದ ಬಾಲ್ಕನಿ ಮನೆ? ಗೋಡೆ ಹಸಿ ಅಂದಿದ್ದು?"

"ಹಸಿ ಇರಲಿಲ್ಲ."

"ಆ ಬಾಲ್ಕನಿಯಿಂದ ಗಂಗೆ ಕಾಣುತ್ತಿತ್ತು, ಕಾಂತೇಶ್."

"ಕಾಣುತ್ತಿತ್ತು," ಎಂದ ಅವನು, ಮೆಲ್ಲಗೆ.

ಅವಳು ಅವನ ಕೈಯಿಂದ ಪಟ್ಟಿ ಕಿತ್ತುಕೊಂಡು ತಾನೇ ಫೋನ್ ಮಾಡಿದಳು. ಮನೆ ಇನ್ನೂ ಖಾಲಿ ಇತ್ತು. ತನಗೆ ಫಾರ್ಮ್ ತುಂಬಲು ಬರುವುದಿಲ್ಲವೆಂದು ಮಾಲಕ ಮುದುಕ ಗೊಣಗಿದಾಗ, ತುಂಬಲು ಒಬ್ಬಳು ಸಿಕ್ಕಿದ್ದಾಳೆ ಎಂದು ನನ್ನನ್ನೇ ನೋಡಿದಳು. "ನನಗೆ ಬೇಕಾದದ್ದು ಮನೆ," ಎಂದಳು ನಮ್ಮಿಬ್ಬರಿಗೂ. "ನಿಮ್ಮ ಪ್ರೇಮಕ್ಕೆ ನೀವೇ ಬೇರೆ ಜಾಗ ನೋಡಿಕೊಳ್ಳಿ." ಹೇಳುವಾಗ ಸಿಟ್ಟಿತ್ತು, ಆಟೋ ಹತ್ತುವ ಹೊತ್ತಿಗೆ ನಗುತ್ತಿದ್ದಳು.

ಅವತ್ತೇ ಗಾದಿ, ಬಕೆಟ್ಟು, ಪೊರಕೆ ಎಲ್ಲ ಶಿವಾಲಾಕ್ಕೆ ಸಾಗಿಸಿದೆವು. ಪರದೆ ಕಟ್ಟಿ, ಕರಾರಿಗೆ ಮುದುಕನ ಸಹಿ ಹಾಕಿಸಿ, ಫಾರ್ಮ್ ತುಂಬಿದೆ. ಹೊರಡುವಾಗ ಅವಳು ಕಾಂತೇಶ್‌ನನ್ನು ಗಟ್ಟಿಯಾಗಿ ಅಪ್ಪಿಕೊಂಡಳು. ನನ್ನ ಹೊಟ್ಟೆ ಮತ್ತೆ ಚುರ್ ಎಂದಿತು. ಮೆಟ್ಟಿಲಿಳಿಯುತ್ತ ಅದನ್ನು ಅವನಿಗೆ ಹೇಳಿಯೇಬಿಟ್ಟೆ. ಅವನು ಇಡೀ ಗಲ್ಲಿ ಕೇಳುವಂತೆ ನಕ್ಕ.

ಮರುದಿನ ಮಂಗಳವಾರ ಮಧ್ಯಾಹ್ನ ಅವನು ನಮ್ಮ ಅಂಗಳದಲ್ಲಿ ನಿಂತಿದ್ದ. ಅವ್ವ ಒಲೆಯ ಮುಂದಿನಿಂದ ಇಣುಕಿದಳು.

"ಇಂದಿರಾಗ ಬ್ಯಾರೆ ಮನಿ ಸಿಕ್ಕಿತಂತಲ್ಲ ತಮ್ಮಾ. ಮತ್ತ ನೀ ಇವತ್ತ ಯಾತಕ್ಕ ಬಂದಿ?"

ದಾರಿಯುದ್ದಕ್ಕೂ ಏನೇನು ಕಲಿತುಕೊಂಡು ಬಂದಿದ್ದನೋ, ಎಲ್ಲ ಮರೆತುಹೋಗಿತ್ತು. ನನ್ನ ಮುಖ ನೋಡಿದ. ನಾನು ಮೆಟ್ಟಿಲಿಳಿದು ಬಂದು ಅವನ ಪಕ್ಕದಲ್ಲಿ ನಿಂತೆ.

"ನನ್ನ ಸಲುವಾಗಿ ಬಂದಾರವ್ವಾ," ಎಂದೆ.

ಅವ್ವ ನನ್ನನ್ನು ನೋಡಿದಳು, ಅವನನ್ನು ನೋಡಿದಳು. ಹಂಚಿನ ಮೇಲಿನ ರೊಟ್ಟಿ ಕರಿಯಾಗುತ್ತಿತ್ತು.

"ನಿಮ್ಮಪ್ಪಗ ಯಾರು ಹೇಳಾವ್ರು, ನೀನೋ ಇವನೋ?"

"ಇಬ್ರೂ ಹೇಳ್ತೀವ್ರಿ," ಎಂದ ಕಾಂತೇಶ್. ಈ ಸಲ ಮಾತು ಸರಾಗವಾಗಿ ಬಂತು.

ಅವ್ವ ಹಂಚು ಇಳಿಸಿದಳು. ಸೆರಗಿಗೆ ಕೈ ಒರೆಸಿಕೊಂಡು, ಅಪ್ಪನನ್ನು ಕರೆತರಲು ತಾನೇ ಮಠದ ಕಡೆ ಹೊರಟಳು. ಅಂಗಳದಲ್ಲಿ ನಾವಿಬ್ಬರೇ ಉಳಿದೆವು.