ಗಾಳಿಚೀಲದ ಕುತ್ತಿಗೆ

ಮೇಲೇಳಬೇಕಿದ್ದ ಪುಟ್ಟ ವಿಮಾನ ರನ್‌ವೇ ದಾಟಿ ಗೆಣಸಿನ ಹೊಲದಲ್ಲಿ ಮಗುಚಿ ಬಿದ್ದಿತ್ತು. ಪೈಲಟ್ ರೈನಾರ್‌ನ ಎರಡೂ ಕಾಲು ಮುರಿದಿದ್ದವು. ಪಾಪುವಾದ ಆ ಗುಡ್ಡದೂರಿಗೆ ರಸ್ತೆಯಿಲ್ಲ. ಪೊಲೀಸ್ ಅಧಿಕಾರಿ ಪಾಸ್ಕಲಿನಾ ನಡೆದೇ ಬಂದಳು.

"ರನ್‌ವೇ ಅರ್ಧ ದಾಟಿದ್ಮೇಲೆ ಗಾಳಿ ಬೆನ್ನಿಗೆ ಬಡೀತು ಅಕ್ಕ, ವಿಮಾನ ಏಳಲೇ ಇಲ್ಲ," ಎಂದಿದ್ದ ರೈನಾರ್, ಊರವರು ಅವನನ್ನು ಹೊತ್ತು ಒಯ್ದಿದ್ದ ಕಣಿವೆಯ ಆಸ್ಪತ್ರೆಯಲ್ಲಿ ಅವಳು ಮೊದಲು ಕಂಡಾಗ. "ಹೊರಡೋ ಕಡೆ ಗುಡ್ಡದ ಮರೆ, ಗಾಳಿ ಗೊತ್ತಾಗಲ್ಲ. ಕಂಬದ ಮೇಲಿನ ಗಾಳಿಚೀಲ ಉಬ್ಬಿದ್ರೆ ಗಾಳಿ ಇದೆ ಅಂತ, ಅದನ್ನ ನೋಡೇ ಹೊರಡೋದು. ಅದು ಜೋತುಬಿದ್ದಿತ್ತು. ಯಾರೂ ನಂಬ್ತಿಲ್ಲ. ಲೈಸೆನ್ಸ್ ಹೋದ್ರೆ ನಾನು ಸತ್ತಂಗೆ."

* * *

ಗಾಳಿಚೀಲ ಕಾಯುವವನು ಓಟ್ನಿಯೆಲ್.

"ಚೀಲ ಉಬ್ಬಿ ನಿಂತಿತ್ತು ಮೇಡಂ. ಸಾಹೇಬ್ರಿಗೆ ಅವಸರ. ಮೂಟೆನೂ ಜಾಸ್ತಿ ತುಂಬಿದ್ರು."

ಪಾಸ್ಕಲಿನಾ ಹೊಲದಲ್ಲಿ ಚೆಲ್ಲಿದ್ದ ಮೂಟೆಗಳನ್ನೆಲ್ಲ ತೂಗಿಸಿದಳು. ಭಾರ ಮಿತಿಗಿಂತ ಕಡಿಮೆಯೇ ಇತ್ತು. ಆಮೇಲೆ ಕಂಬದಿಂದ ಚೀಲ ಇಳಿಸಿದಳು. ಅದರ ಕುತ್ತಿಗೆಯ ಸುತ್ತ ಬಿಗಿದು ಕಟ್ಟಿದ ಸುಕ್ಕು. ಹೊಲಿಗೆಯಲ್ಲಿ ಸಿಕ್ಕಿಕೊಂಡ ಹಳದಿ ನಾರಿನ ಎಳೆ.

ಪಕ್ಕದಲ್ಲೇ ಗೆಣಸು ಸುಡುತ್ತಿದ್ದ ಮುದುಕಿ ದೋರ್ಕಾಸ್ ನಕ್ಕಳು. "ವಿಮಾನ ಬಿದ್ದಾಗ ಊರೆಲ್ಲ ಕೆಳಗೆ ಓಡ್ತು ಕಣೇ. ಓಟ್ನಿಯೆಲ್ ಒಬ್ಬ ಕಂಬದ ಕಡೆ ಓಡಿದ. ಎಂಥ ಗಂಡಸೋ!"

* * *

ಓಟ್ನಿಯೆಲ್‌ನ ಮನೆಯಲ್ಲಿ ಅವನ ಹೆಂಡತಿ ಯೆಮಿಮಾ ಆರ್ಕಿಡ್ ನಾರಿನ ಹೆಗಲಚೀಲ ಹೆಣೆಯುತ್ತಿದ್ದಳು. ಅದೇ ಹಳದಿ. ಅಲ್ಲಿ ಹೆಂಗಸರು ಅಂಥ ಚೀಲ ಹೆಣೆಯುವುದು ಮನಸ್ಸಿಗೆ ಹತ್ತಿರವಾದವರಿಗೆ ಮಾತ್ರ.

"ಒಂದು ಸುತ್ತು ದಾರ ಯಾರೋ ಕಿತ್ಕೊಂಡಿದ್ದಾರೆ," ಎಂದಳು ಯೆಮಿಮಾ.

"ಯಾರೋ ಅಲ್ಲ," ಎಂದಳು ಪಾಸ್ಕಲಿನಾ, ಬಾಗಿಲ ಬಳಿ ನಿಂತಿದ್ದ ಓಟ್ನಿಯೆಲ್‌ನ ಕಡೆ ತಿರುಗಿ. "ಕುತ್ತಿಗೆ ಕಟ್ಟಿದ್ರೆ ಗಾಳಿಚೀಲ ಉಬ್ಬಲ್ಲ. ರೈನಾರ್ ಗಾಳಿ ಇಲ್ಲ ಅಂದ್ಕೊಂಡು ಹೊರಟ. ಅವನು ಬಿದ್ದ ಕೂಡ್ಲೇ ನೀನು ಓಡಿ ಕಟ್ಟು ಬಿಚ್ಚಿದೆ ಓಟ್ನಿಯೆಲ್. ಮನೆ ತುಂಬ ಹಗ್ಗ ಇದ್ರೂ ಈ ದಾರಾನೇ ಯಾಕೆ ಬೇಕಾಯ್ತು?"

ಓಟ್ನಿಯೆಲ್ ಹಲ್ಲು ಕಡಿದ. "ಅವನಿಗೆ ಹೆಣೀತಿದ್ಲಲ್ಲ! ಅವಳ ಅಮ್ಮನ್ನ ಆಸ್ಪತ್ರೆಗೆ ಹಾರಿಸ್ಕೊಂಡು ಹೋದಾಗಿಂದ ಬರೀ ರೈನಾರ್, ರೈನಾರ್. ವಿಮಾನದ ಸದ್ದು ಕೇಳಿದ್ರೆ ಸಾಕು, ಬಿಸಿ ಗೆಣಸು ಹಿಡ್ಕೊಂಡು ಓಡ್ತಾಳೆ. ನನಗೆ ಹೊಟ್ಟೆ ಉರಿಯಲ್ವಾ?"

ಯೆಮಿಮಾ ಹೆಣಿಗೆ ಕೆಳಗಿಟ್ಟಳು.

"ಇದು ನಿಂಗೆ ಹೆಣೀತಿದ್ದೆ ಕಣೋ. ನಿನ್ನ ಹಳೇದು ಹರಿದಿತ್ತಲ್ಲ."

ಓಟ್ನಿಯೆಲ್ ಚೀಲದತ್ತ ಕೈ ಚಾಚಿದ. ಪಾಸ್ಕಲಿನಾ ಅವನ ತೋಳು ಹಿಡಿದಳು. "ರೈನಾರ್‌ನ ಲೈಸೆನ್ಸ್ ಉಳೀತು," ಎಂದಳು.

ಯೆಮಿಮಾ ಅರ್ಧ ಹೆಣೆದ ಚೀಲ ಎತ್ತಿಕೊಂಡು ಬಾಗಿಲು ದಾಟಿದಳು.

"ಎಲ್ಲಿಗೆ?" ಓಟ್ನಿಯೆಲ್ ಕೂಗಿದ.

"ಆಸ್ಪತ್ರೆಗೆ. ಅಲ್ಲೇ ಕೂತು ಮುಗಿಸ್ತೀನಿ. ಇನ್ನು ಇದು ಅವನಿಗೇ."