ನಾಲ್ಕನೆಯ ಗಂಟು

2024ರ ನವೆಂಬರ್ 11, ಸೋಮವಾರ ಬೆಳಿಗ್ಗೆ 10.40. ಬಸವಕಲ್ಯಾಣ ಠಾಣೆಯ ಮೆಟ್ಟಿಲು ಹತ್ತಿ ಬರುತ್ತಿದ್ದ ಯಶೋದಾಬಾಯಿಯನ್ನು ಕಂಡು ಕಾನ್‌ಸ್ಟೆಬಲ್ ಕಪಿಲ ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದ. ಆ ವರ್ಷ ಅದು ಆಕೆಯ ನಾಲ್ಕನೆಯ ದೂರು. ಹಿಂದಿನ ಮೂರೂ ಸಲ ‘ಕಳುವಾದ’ ವಸ್ತು ಆಕೆಯ ಮನೆಯಲ್ಲೇ ಸಿಕ್ಕಿತ್ತು.

ಎ.ಎಸ್.ಐ. ನಾಗನಾಥ ಮಾತ್ರ ನಗಲಿಲ್ಲ. ಬರುವ ಏಪ್ರಿಲ್‌ಗೆ ನಿವೃತ್ತಿಯಾಗಲಿದ್ದ ಆತನ ಅಂಗಿಯ ಜೇಬಿನಲ್ಲಿ ಒಂದು ಚೀಟಿ ಇತ್ತು: ಸಮನ್ಸ್ ಜಾರಿ, ಬಿ.ಪಿ. ಗುಳಿಗೆ, ಗಾಡಿ ಕೀಲಿ ಎಡಜೇಬು. ಇಂಥ ಚೀಟಿ ಬರೆಯಲು ಶುರುಮಾಡಿ ಒಂದು ವರ್ಷವಾಗಿತ್ತು. ಹೆಂಡತಿಗೂ ಹೇಳಿರಲಿಲ್ಲ.

ಯಶೋದಾಬಾಯಿಯ ಕೈಯಲ್ಲೂ ಚೀಟಿ ಇತ್ತು. ಎಪ್ಪತ್ತೆರಡರ ಮುದುಕಿ, ಮೂವತ್ತೈದು ವರ್ಷ ಹೆರಿಗೆ ಮಾಡಿಸಿ ನಿವೃತ್ತಳಾದ ನರ್ಸ್. ಕಪಿಲನನ್ನು ನೋಡಿ, “ನಗಬ್ಯಾಡೋ. ಹುಟ್ಟುವಾಗ ಕಾಲು ಮುಂದ ಮಾಡಿ ಬಂದಾಂವ ನೀ. ನಿನ್ನ ತಿರುಗಿಸಿ ತಗ್ಯಾಕ ಎರಡು ತಾಸು ಹಿಡೀತು” ಎಂದಳು. ಕಪಿಲನ ನಗು ಅಲ್ಲೇ ಸತ್ತಿತು. ಮೂವತ್ತು ವರ್ಷದ ಹಿಂದಿನದು ಆಕೆಗೆ ಬಾಯಿಪಾಠ. ಜಾರುತ್ತಿದ್ದುದು ನಿನ್ನೆ ಮೊನ್ನೆಯದು ಅಷ್ಟೇ.

“ಏನ್ ಹೋಗ್ಯಾದ ಬಾಯಿ?” ನಾಗನಾಥ ಕೇಳಿದ.

“ಬೋರಮಾಳ. ನಮ್ಮವ್ವ ಹಾಕಿದ ಬಂಗಾರದ ಸರ. ದೀಪಾವಳಿಗೆ ಟ್ರಂಕ್ ತಗದ್ರ ಇಲ್ಲ. ತಮ್ಮನ ಮಗ ಅಂತಾನ, ದಸರಾಕ್ಕ ನೀನೇ ಐಶ್ವರ್ಯಾಗ ಕೊಟ್ಟೀದಿ, ಮರತೀದಿ ಅಂತ. ಆಕಿಗಿ ಕೇಳಿದ್ರ ನಾ ತಗೊಂಡಿಲ್ಲ ಅಂತ ಅಳಾಕತ್ತಾಳ.”

ಐಶ್ವರ್ಯ ಆಕೆಯ ತಮ್ಮನ ಮಗಳು, ಮನ್ನಾಏಖೇಳ್ಳಿಗೆ ಕೊಟ್ಟವಳು. ತಮ್ಮ ದೇವಿದಾಸ ತೀರಿಕೊಂಡು ಹತ್ತು ವರ್ಷವಾಗಿತ್ತು. ಅವನ ಮಗ ಶಂಕರಲಿಂಗ ಹುಮನಾಬಾದಿನ ಮಾಣಿಕನಗರದಲ್ಲಿ ಕಾಯಿ ಕರ್ಪೂರದ ಅಂಗಡಿ ಇಟ್ಟವನು. ವಾರಕ್ಕೆ ಎರಡು ಸಲ ಬಂದು ಅತ್ತೆಯ ಸಂತೆ, ಔಷಧ, ಬಟ್ಟೆಬರೆ ಎಲ್ಲ ನೋಡಿಕೊಳ್ಳುತ್ತಿದ್ದ.

“ಈ ಸಲಾನೂ ನನ್ನದೇ ತಪ್ಪು ಅಂತಾದ್ರ, ಮನಿ ಕೀಲಿ ಅವನ ಕೈಯಾಗ ಕೊಟ್ಟು ಸುಮ್ನ ಕುಂದರತೇನ್ರಿ. ತಲಿ ಕೆಟ್ಟ ಮ್ಯಾಲೆ ಕೀಲಿ ಯಾಕ?” ಎಂದಳು ಮುದುಕಿ.

ಪಿ.ಎಸ್.ಐ. ಶೀತಲ್ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದರು. “ಎಫ್‌ಐಆರ್ ಮಾಡ್ರಿ ನಾಗನಾಥ. ತೋಳ ಬಂತು ತೋಳ ಅಂದ ಕತಿಯಾಗೂ ಕಡೀಕೆ ತೋಳ ಬಂದೇ ಬಂದಿತ್ತು.” 11.25ಕ್ಕೆ ಭಾರತೀಯ ನ್ಯಾಯ ಸಂಹಿತೆಯ ಕಲಂ 305ರ ಅಡಿ, ವಾಸದ ಮನೆಯಲ್ಲಿ ಕಳವು ಎಂದು ಪ್ರಕರಣ ದಾಖಲಾಯಿತು.

ಮಧ್ಯಾಹ್ನ 1.10ಕ್ಕೆ ಶೀತಲ್, ನಾಗನಾಥ ಆಕೆಯ ಮನೆಗೆ ಬಂದು ಸ್ಥಳ ಪಂಚನಾಮೆ ಶುರುಮಾಡಿದರು. ಪಕ್ಕದ ಮನೆಯ ಕುಲ್ಸುಮ್ ಬೀ ಮತ್ತು ಓಣಿಯ ದರ್ಜಿ ಪಂಚರು. ಟ್ರಂಕಿನ ಬೀಗ ಮುರಿದಿರಲಿಲ್ಲ. ಬಾಗಿಲ ಕೊಂಡಿಯೂ ಸರಿಯಾಗಿತ್ತು. ಅಡಿಗೆಮನೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ‘ಗ್ಯಾಸ್ ಬಂದ್ ಮಾಡು’, ಬಾಗಿಲ ಹಿಂದೆ ‘ಕೀಲಿ, ಚಷ್ಮಾ, ಫೋನ್’ ಎಂದು ಬರೆದಿತ್ತು. ತನ್ನ ಮರೆವಿನ ಜೊತೆ ಆಕೆ ಬುದ್ಧಿವಂತಿಕೆಯಿಂದಲೇ ಸಂಸಾರ ಮಾಡುತ್ತಿದ್ದಳು. ನಾಗನಾಥನಿಗೆ ನಾಚಿಕೆಯಾಯಿತು, ತಾನು ಚೀಟಿಯನ್ನು ಜೇಬಿನಲ್ಲಿ ಬಚ್ಚಿಡುತ್ತಿದ್ದನಲ್ಲ!

ಕಿಟಕಿಯ ಸರಳಿಗೆ ಸಾಲಾಗಿ ಕಟ್ಟಿದ್ದ ನಾಲ್ಕು ಕೆಂಪು ದಾರದ ತುಂಡುಗಳು ಅವನ ಕಣ್ಣಿಗೆ ಬಿದ್ದವು.

“ಇವೇನ್ರಿ ಬಾಯಿ? ಹರಕಿ ದಾರ?”

“ಹರಕಿ ಅಲ್ರಿ. ಮನಿಯಾಗಿನ ಸಾಮಾನು ಯಾರಿಗರೆ ಕೊಟ್ರ ಒಂದು ದಾರ ಕಟ್ತೇನಿ. ಒಂದು ಕೊಪ್ಪರಿಗಿ, ಒಂದು ತೊಟ್ಟಿಲ, ಒಂದು ಹೊಲಿಗಿ ಮಷೀನು. ನಾಲ್ಕನೇದ್ದು ನೆನಪಿಲ್ಲ. ಅದೇ ಬೋರಮಾಳದ್ದು, ನೋಡು, ನೀನೇ ಕಟ್ಟೀದಿ ಅಂತ ದೇವಿದಾಸ ತೋರಿಸ್ದ.”

“ದೇವಿದಾಸ?” ಎಂದರು ಶೀತಲ್.

ಕುಲ್ಸುಮ್ ಬೀ ಮೆಲ್ಲಗೆ ಹೇಳಿದಳು: “ಶಂಕರಲಿಂಗಗ ಹಂಗ ಕರೀತಾಳ್ರಿ ಮೇಡಂ. ಅವರಪ್ಪನ ಹೆಸರು ಅದು. ಎಷ್ಟು ಸಲ ಹೇಳಿದ್ರೂ ಅದೇ ಬಾಯಿಗಿ ಬರ್ತದ.”

ನಾಗನಾಥ ಚಷ್ಮಾ ಏರಿಸಿ ಬಗ್ಗಿ ನೋಡಿದ. ಮೊದಲ ಮೂರು ಗಂಟುಗಳು ಚಪ್ಪಟೆಯಾಗಿ ಸರಳಿಗೆ ಅಂಟಿ ಮಲಗಿದ್ದವು. ಎಳೆದರೂ ಜಾರಲಿಲ್ಲ. ನಾಲ್ಕನೆಯದು ಸೊಟ್ಟಗೆ ಎದ್ದು ನಿಂತಿತ್ತು. ತುದಿ ಹಿಡಿದು ಎಳೆದರೆ ಸರಿಯಿತು.

ಆತ ಒಂದು ತುಂಡು ದಾರ ಆಕೆಯ ಕೈಗಿತ್ತ. “ಇದನ್ನ ಈ ಸರಳಿಗಿ ಕಟ್ರಿ. ಅಂದಂಗ, ಕಪಿಲನ ಹೆರಿಗಿ ಹ್ಯಾಂಗ ಆತಂದ್ರಿ?” ಆಕೆ ಉತ್ಸಾಹದಿಂದ ಹೇಳುತ್ತ ಹೋದಳು. ಬೆರಳುಗಳು ತಮ್ಮ ಪಾಡಿಗೆ ತಾವು ಎಳೆ ಬದಲಿಸಿ ಚಪ್ಪಟೆ ಗಂಟು ಹಾಕಿದವು. ಮೂರು ಸಲ ಕಟ್ಟಿಸಿದ. ಮೂರು ಸಲವೂ ಅದೇ ಗಂಟು.

“ಹೊಕ್ಕಳ ಬಳ್ಳಿ ಕಟ್ಟೂ ಗಂಟ್ರಿ ಇದು. ಸಡ್ಲಾದ್ರ ಕೂಸಿನ ಜೀವಾನೇ ಹೋಗ್ತದ” ಎಂದಳು ಯಶೋದಾಬಾಯಿ.

ನಾಲ್ಕನೆಯ ದಾರವನ್ನು ಗಂಟಿನಿಂದ ದೂರಕ್ಕೆ ಕತ್ತರಿಸಿ, ಲಕೋಟೆಗೆ ಹಾಕಿ, ಪಂಚರ ಸಹಿ ಪಡೆದು ಜಪ್ತಿ ಮಾಡಲಾಯಿತು.

ಸಂಜೆ 5 ಗಂಟೆಗೆ ಠಾಣೆಯಲ್ಲಿ ನಾಗನಾಥ ಹಳೆಯ ಮೂರು ಅರ್ಜಿಗಳ ಕಡತ ತೆಗೆದ. ಮಾರ್ಚ್: ಮನೆ ಕೀಲಿ, ಹಿಟ್ಟಿನ ಡಬ್ಬಿಯಲ್ಲಿ. ಜೂನ್: ಬೆಳ್ಳಿ ದೀಪ, ಹಾಸಿಗೆ ಸುರುಳಿಯಲ್ಲಿ. ಆಗಸ್ಟ್: ಪಾಸ್‌ಬುಕ್, ಕಟ್ಟಿಗೆ ಒಟ್ಟಿದ ಮೂಲೆಯಲ್ಲಿ. ಪ್ರತಿ ಹಾಳೆಯ ಕೆಳಗೂ ‘ಅರ್ಜಿದಾರರಿಗೆ ಮರೆವು. ವಸ್ತು ಹುಡುಕಿ ಕೊಟ್ಟವರು: ಶಂಕರಲಿಂಗ’ ಎಂಬ ಒಂದೇ ಒಕ್ಕಣೆ. ಅಕ್ಷರ ನಾಗನಾಥನದೇ. ಮೂರು ಸಲ ತನ್ನ ಕೈಯಿಂದಲೇ ಆ ಹೆಸರು ಬರೆದು ಮೂರು ಸಲವೂ ಮರೆತಿದ್ದ. ಆ ಮುದುಕಿಗೆ ಹುಚ್ಚಿಯ ಪಟ್ಟ ಕಟ್ಟಲು ಠಾಣೆಯ ಮೊಹರೂ ಸಾಕ್ಷಿಯಾಗಿತ್ತು.

ಐಶ್ವರ್ಯ ಫೋನಿನಲ್ಲಿ ಹೇಳಿಕೆ ಕೊಟ್ಟಳು. “ದಸರಾಕ್ಕ ಹೋಳಿಗಿ ಉಂಡು ಬನ್ನಿ ಕೊಟ್ಟು ಬಂದೇನ್ರಿ. ಬೋರಮಾಳ ನಿನಗೇ ಅಂತ ಅತ್ತಿ ಮೊದ್ಲಿಂದ ಅಂತಾಳ, ಖರೇ. ಕೊಟ್ಟಿಲ್ಲ.”

ಮರುದಿನ ಮಂಗಳವಾರ. ಹುಮನಾಬಾದ್ ಠಾಣೆಗೆ ತಿಳಿಸಿ, 11.15ಕ್ಕೆ ನಾಗನಾಥ ಸಾದಾ ಬಟ್ಟೆಯಲ್ಲಿ ಮಾಣಿಕನಗರದ ಅಂಗಡಿಯ ಮುಂದೆ ನಿಂತ. ಎರಡು ಕಾಯಿ, ಊದಿನಕಡ್ಡಿ ಕೇಳಿದ.

“ಗಟ್ಟಿ ಕಟ್ರಿ. ಗಾಡಿ ಮ್ಯಾಲೆ ಹೋಗಬೇಕು.”

ಶಂಕರಲಿಂಗ ಕಾಗದ ಸುತ್ತಿ ದಾರ ಬಿಗಿದ. ಗಂಟು ಸೊಟ್ಟಗೆ ಎದ್ದು ನಿಂತಿತು. ಅಂಥ ಗಂಟು ಊರಿಗೆ ಊರೇ ಹಾಕುತ್ತದೆ, ಕೋರ್ಟಿನಲ್ಲಿ ಅದೊಂದೇ ನಿಲ್ಲುವುದಿಲ್ಲ ಎಂಬುದು ನಾಗನಾಥನಿಗೆ ಗೊತ್ತಿತ್ತು. ಆತ ಕೈಸನ್ನೆ ಮಾಡಿದ. ಶೀತಲ್ ಜೀಪಿನಿಂದ ಇಳಿದು ಬಂದು ಲಕೋಟೆಯನ್ನೂ ಕಾಯಿಯ ಪೊಟ್ಟಣವನ್ನೂ ಅಕ್ಕಪಕ್ಕ ಇಟ್ಟರು.

“ನಿಮ್ಮತ್ತಿ ಕಿಟಕಿಗಿದ್ದ ಈ ದಾರ ಕಟ್ಟಿದವರು ಯಾರು?”

“ಅತ್ತಿ ಕಟ್ಟ್ಯಾಳ್ರಿ.”

“ನೋಡೀಯೇನು?”

“ನೋಡೀನ್ರಿ. ದಸರಾದಿನ.”

“ಅತ್ತಿ ಕೈಲೆ ಮೂರು ಸಲ ಕಟ್ಟಿಸೇವಿ. ಈ ಗಂಟು ಆಕಿಗಿ ಬರೋದೇ ಇಲ್ಲ. ದಾರದ ಲೆಕ್ಕ ಯಾರ‍್ಯಾರಿಗಿ ಗೊತ್ತು?”

ಶಂಕರಲಿಂಗ ದಾರದ ಉಂಡೆಯನ್ನು ಹಲಗೆಯ ಕೆಳಗೆ ಸರಿಸಿದ.

“ಮೂರೂ ಸಲ ಸಾಮಾನು ನಿನಗೇ ಹ್ಯಾಂಗ ಸಿಕ್ಕವು?”

ಶಂಕರಲಿಂಗನ ಕಣ್ಣು ಒಮ್ಮೆ ಮೂಲೆಯ ಕಾಯಿಚೀಲದ ಕಡೆ ಹೋಗಿ ಬಂತು. ಅದನ್ನು ನಾಗನಾಥ ನೋಡಿದ. ನಾಗನಾಥ ನೋಡಿದ್ದು ಶಂಕರಲಿಂಗನಿಗೂ ತಿಳಿಯಿತು.

ಸ್ಥಳೀಯ ಪಂಚರ ಎದುರು ಅವನೇ ಚೀಲ ಸರಿಸಿ, ಅರಿಶಿನದ ಬಟ್ಟೆಯಲ್ಲಿ ಸುತ್ತಿದ ಬೋರಮಾಳ ತೆಗೆದುಕೊಟ್ಟ. ಒಂದು ಗುಂಡೂ ಕಡಿಮೆಯಾಗಿರಲಿಲ್ಲ. ಮಾರುವ ಯೋಚನೆಯೇ ಅವನಿಗೆ ಇರಲಿಲ್ಲ. 12.40ಕ್ಕೆ ದಸ್ತಗಿರಿ.

ದಾರಿಯಲ್ಲಿ ಯಾರೂ ಕೇಳದೆಯೇ ಬಾಯಿಬಿಟ್ಟ. “ಮೊದ್ಲಿಗಿ ಕೀಲಿ ಖರೇನೇ ಮರೆತಿದ್ಳ್ರಿ. ನಾ ಹುಡುಕಿ ಕೊಟ್ಟಾಗ ತಲಿ ಸವರಿ, ನೀ ಇಲ್ದಿದ್ರ ನಾ ಸತ್ತೇ ಹೋಗ್ತಿದ್ದೆ ದೇವಿದಾಸ, ಅಂದ್ಳು. ಆಮ್ಯಾಲೆ ದೀಪ, ಪಾಸ್‌ಬುಕ್ ನಾನೇ ಮುಚ್ಚಿಟ್ಟೆ. ಆರು ವರ್ಷ ಆಕಿ ಸೇವಾ ಮಾಡೇನ್ರಿ. ಒಂದಿನ ಶಂಕರಲಿಂಗ ಅನ್ಲಿಲ್ಲ. ವರ್ಷಕ್ಕೊಮ್ಮಿ ಬರೋ ಐಶ್ವರ್ಯನ ಹೆಸರು ಒಂದಿನಾನೂ ತಪ್ಪಲಿಲ್ಲ. ಆಕಿನೂ ದೂರಾದ್ರ, ಕೀಲಿ ನನ್ನ ಕೈಗಿ ಬಂದ್ರ, ಅತ್ತಿಗಿ ನಾ ಒಬ್ಬನೇ ಉಳೀತೀನಿ ಅಂತ...”

ನಾಗನಾಥನಿಗೆ ಅಯ್ಯೋ ಎನಿಸಿತು, ಮರುಗಳಿಗೆ ಸಿಟ್ಟು ಬಂತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಸಂಜೆ 4.15. ಕುಲ್ಸುಮ್ ಬೀ ಕೈಹಿಡಿದು ಯಶೋದಾಬಾಯಿಯನ್ನು ಠಾಣೆಗೆ ಕರೆತಂದಳು. ಬೋರಮಾಳವನ್ನು ಆಕೆ ಮುಟ್ಟಿ ಗುರುತಿಸಿದಳು. ಕೈಗೆತ್ತಿಕೊಳ್ಳಲಿಲ್ಲ. ನಾಗನಾಥ ನಡೆದದ್ದನ್ನೆಲ್ಲ ಹೇಳಿದ.

“ಅಂದ್ರ... ದೀಪದ್ದು, ಪಾಸ್‌ಬುಕ್ಕಿದ್ದು ನಾ ಮರೆತಿದ್ದಿಲ್ಲ?”

“ಇಲ್ಲ ಬಾಯಿ. ನಾನೂ ತಪ್ಪು ಬರೆದೆ. ಮಾಫ್ ಮಾಡ್ರಿ.”

“ಜೂನಿನಿಂದ ನನ್ನ ಕೈ ನಾ ನಂಬಿಲ್ರಿ ಸಾಹೇಬ್ರ. ಒಲಿ ಆರಿಸಿ ಹತ್ತು ಸಲ ಮುಟ್ಟಿ ನೋಡತಿದ್ದೆ. ತಮ್ಮನ ಮಗಳಿಗಿ ಕಳ್ಳಿ ಅಂದೆ.” ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. “ಇವನ ಹೊಕ್ಕಳ ಬಳ್ಳಿ ಕಟ್ಟಿದಾಕಿನೂ ನಾನೇ.”

ಶಂಕರಲಿಂಗ ಗೋಡೆ ಪಕ್ಕ ತಲೆ ತಗ್ಗಿಸಿ ನಿಂತಿದ್ದ. ನಾಗನಾಥ ಪುರವಣಿ ಹೇಳಿಕೆಯ ಹಾಳೆ ಎಳೆದುಕೊಂಡು, ಕೇಳಲೇಬೇಕಾದ ಪ್ರಶ್ನೆ ಕೇಳಿದ. “ಎದುರಿಗಿ ನಿಂತಾಂವ ಯಾರು? ಹೆಸರು ಹೇಳ್ರಿ ಬಾಯಿ.” ಕೇಳಿದ ಮೇಲೆ ಅಳುಕಿದ. ಈಗ ‘ದೇವಿದಾಸ’ ಎಂದುಬಿಟ್ಟರೆ ಹೇಗೆ?

ಯಶೋದಾಬಾಯಿ ಅವನ ಹತ್ತಿರ ಹೋಗಿ ಮುಖ ನೋಡಿದಳು.

“ಶಂಕರಲಿಂಗ” ಎಂದಳು. “ಶಂಕರಲಿಂಗ ಅಂತ ಬರಕೋರಿ. ಇನ್ನ ಮರೆಯಂಗಿಲ್ಲ.”

ಶಂಕರಲಿಂಗ ತಟ್ಟನೆ ತಲೆ ಎತ್ತಿದ. ಆಕೆ ಆಗಲೇ ಬಾಗಿಲ ಕಡೆ ತಿರುಗಿದ್ದಳು. ನಾಗನಾಥ ಹೆಸರು ಬರೆದು, ಕೆಳಗೆ ವೇಳೆ ಹಾಕಿದ: 4.32.